ಸಾರಾಯಿಯಲ್ಲಿ ನೆನೆದ ಸುರುಳಿ

ಹೆಂಡತಿ ತೀರಿಕೊಂಡ ಮನೆಯಲ್ಲಿ ಗಂಡನಿಗೆ ಕುಡುಕನೆಂಬ ಹೆಸರು ಬರುವುದಕ್ಕೆ ಒಂದು ಗಾಜಿನ ಲೋಟ ಸಾಕು ಎಂಬ ಸಂಗತಿ ಎವೋದಿಯೊಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು.

ಮ್ಯಾಕ್ಸಿಮಿನಾಳನ್ನು ಮಣ್ಣು ಮಾಡಿ ಬಂದು ವಾರವಾಗಿತ್ತು. ಶವಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ, ನೆಲದ ಮೇಲೆ, ಸುಣ್ಣದ ಪುಡಿಯಲ್ಲಿ ಬರೆದ ಶಿಲುಬೆ ಇತ್ತು. ಸಂಜೆಯಾದರೆ ಬಂಧುಬಳಗ, ಓಣಿಯವರು ಬಂದು ಅದರ ಸುತ್ತ ಕುಳಿತು ಜಪಮಾಲೆ ಹೇಳುತ್ತಿದ್ದರು. ಒಂಬತ್ತನೆಯ ದಿನ ಆ ಶಿಲುಬೆಯನ್ನು ಎತ್ತಬೇಕು. ಅಲ್ಲಿಯತನಕ ಸತ್ತವರು ಮನೆ ಬಿಡುವುದಿಲ್ಲ, ಸುಣ್ಣದ ಮೇಲೆಯೇ ಮಲಗಿರುತ್ತಾರೆ ಎಂದು ಮಾಲಿಂಚೆ ಬೆಟ್ಟದ ಬುಡದ ಆ ಊರು ನಂಬಿತ್ತು. ಕಾಲಿನ ಕಡೆಯ ಸುಣ್ಣವನ್ನು ನೆಂಟರು ಗುಡಿಸಿ ಎತ್ತುತ್ತಾರೆ, ತೋಳಿನ ಕಡೆಯದನ್ನು ಒಡಹುಟ್ಟಿದವರು. ತಲೆಯ ಕಡೆಯದು ಗಂಡನದೋ ಹೆಂಡತಿಯದೋ ಪಾಲು. ತಲೆ ಎತ್ತಿದವರೇ ಹೆಸರು ಕೆತ್ತಿದ ಮರದ ಶಿಲುಬೆಯನ್ನು ಹೆಗಲ ಮೇಲಿಟ್ಟುಕೊಂಡು ಗೋರಿಯತನಕ ಎಲ್ಲರ ಮುಂದೆ ನಡೆಯುತ್ತಾರೆ. ಸತ್ತವರಿಗಾಗಿ ಕೊಟ್ಟ ಮಾತಿಗೆ ತಪ್ಪಿದವನ ಕೈ ಮಾತ್ರ ಅದಕ್ಕೆ ಸೋಕಬಾರದು.

ಎವೋದಿಯೊ ಮಾತು ಕೊಟ್ಟಿದ್ದ. ಮ್ಯಾಕ್ಸಿಮಿನಾಳ ಎದೆ ಕಟ್ಟಿ ಉಸಿರು ಸಾಲದಾದ ವರ್ಷ ಚರ್ಚಿನ ಗ್ವಾದಲೂಪೆ ಮಾತೆಯ ಮುಂದೆ ಮೊಣಕಾಲೂರಿ, ಇನ್ನು ಸಾರಾಯಿ ಮುಟ್ಟುವುದಿಲ್ಲ, ಸಿಗರೇಟು ಹಚ್ಚುವುದಿಲ್ಲ ಎಂದು ಆಣೆ ಇಟ್ಟಿದ್ದ. ಆ ಊರಿನ ಗಂಡಸರಿಗೆ ಆಣೆ ಹೊಸದಲ್ಲ. ಜೋಳದ ಕೊಯ್ಲು ಮುಗಿಯುವತನಕ, ಮಗಳ ಮದುವೆಯತನಕ ಎಂದು ಅಳತೆ ಹಾಕಿ ಇಡುತ್ತಾರೆ. ಗಡುವು ಮುಗಿದ ಸಂಜೆಯೇ ಹಿಂದಿನದನ್ನೆಲ್ಲ ಸೇರಿಸಿ ಕುಡಿಯುತ್ತಾರೆ. ಎವೋದಿಯೊ ಅಳತೆ ಹಾಕಿರಲಿಲ್ಲ. ಸಾಯುವತನಕ ಎಂದಿದ್ದ.

ಸಾರಾಯಿ ಬಿಡುವುದು ಅವನಿಗೆ ಕಷ್ಟವಾಗಲಿಲ್ಲ. ಸಿಗರೇಟು ಹಾಗಲ್ಲ. ಹುಡುಗನಾಗಿದ್ದಾಗಿನಿಂದ ರೊಟ್ಟಿಯ ಒಲೆಯ ಮುಂದೆ ನಿಂತವನು. ಹಿಟ್ಟು ಉಬ್ಬುವುದನ್ನು ಕಾಯುವ ಹೊತ್ತನ್ನೆಲ್ಲ ಹೊಗೆಯಲ್ಲಿ ಕಳೆದವನು. ಪೂಯೆಬ್ಲಾ ಪಟ್ಟಣದ ಅಂಗಡಿಯೊಂದರಲ್ಲಿ ಹೆಂಗಸೊಬ್ಬಳು ಅವನ ಕೈಗೆ ಇ-ಸಿಗರೇಟಿನ ಕೊಳವೆ ಕೊಟ್ಟಳು. ಅದರ ಹಬೆಯೂ ಅಮೃತವಲ್ಲ ಎಂದು ಅವಳೇ ಹೇಳಿದಳು. ಆದರೆ ಅದನ್ನು ಹಿಡಿದ ಮೇಲೆ ಎವೋದಿಯೊ ಒಂದು ಸಿಗರೇಟೂ ಹಚ್ಚಲಿಲ್ಲ. ಹಬೆ ಎಳೆಯಬೇಕೆನಿಸಿದಾಗ ಅಂಗಳದಾಚೆ ಹೋಗಿ ನಿಲ್ಲುತ್ತಿದ್ದ. ಕೊನೆಯ ದಿನಗಳಲ್ಲಿ ಮ್ಯಾಕ್ಸಿಮಿನಾ ಅವನ ಅಂಗಿ ಮೂಸಿ, "ಈಗ ನಿನ್ನಿಂದ ಮನುಷ್ಯನ ವಾಸನೆ ಬರುತ್ತೆ" ಎಂದಿದ್ದಳು.

ಆಮೇಲೆ ಸರ್ಕಾರ ಆ ಕೊಳವೆಗಳ ಮಾರಾಟವನ್ನೇ ನಿಲ್ಲಿಸಿತು. ಪೂಯೆಬ್ಲಾದ ಆ ಅಂಗಡಿಯಲ್ಲಿ ಈಗ ಮೊಬೈಲಿನ ಕವಚ ಮಾರುತ್ತಾರೆ. ಸಿಗರೇಟು ಮಾತ್ರ ಎಲ್ಲೂ ನಿಲ್ಲಲಿಲ್ಲ. ಶಾಲೆಯ ಎದುರಿನ ಗೂಡಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ, ಹಚ್ಚಿಕೊಳ್ಳಲು ಲೈಟರನ್ನು ದಾರಕ್ಕೆ ಕಟ್ಟಿ ತೂಗುಹಾಕಿರುತ್ತಾರೆ. ಎಂಥ ನ್ಯಾಯ! ಹಾವನ್ನು ಮನೆಯೊಳಗೆ ಬಿಟ್ಟು ಕೋಲನ್ನು ಕಿತ್ತುಕೊಂಡ ಹಾಗೆ.

ಆ ಕೊಳವೆಯ ಜೀವವಿರುವುದು ಅಟೊಮೈಸರಿನಲ್ಲಿ. ಬೆರಳ ಗೆಣ್ಣಿನಷ್ಟು ಲೋಹದ ತುಂಡು. ಒಳಗೆ ಹತ್ತಿ ಸುತ್ತಿದ ತಂತಿಯ ಸುರುಳಿ. ಕೊಳವೆಗೆ ತುಂಬಿದ ನಿಕೋಟಿನ್ ರಸ ಹತ್ತಿಗಿಳಿದು, ತಂತಿ ಕಾದು, ಹಬೆಯೇಳಬೇಕು. ರಸ ಸುಟ್ಟು ತಂತಿಯ ಮೇಲೆ ಕಪ್ಪಗೆ ಅಂಟಿಕೊಂಡರೆ ಬಾಯಿಗೆ ಸುಟ್ಟ ಚಿಂದಿಯ ರುಚಿ ಬರುತ್ತದೆ. ಉಳ್ಳವರು ಎಸೆದು ಹೊಸದು ಹಾಕುತ್ತಿದ್ದರು. ಈಗ ಹೊಸದೆಲ್ಲಿ? ಎವೋದಿಯೊ ಇದ್ದುದನ್ನೇ ಕಾಪಾಡಿಕೊಂಡ. ಸಿಹಿ ರಸ ಬೇಗ ಕರಕಾಗುತ್ತದೆಂದು ಅದನ್ನು ಬಿಟ್ಟ. ಒಂದು ಸಲ ಎಳೆದರೆ ತಂತಿ ಆರುವತನಕ ಕಾದ. ಕಪ್ಪು ಕಟ್ಟಿದ ಸುರುಳಿಗಳನ್ನು ಬಿಸಿನೀರಿನಲ್ಲಿ ತೊಳೆದು, ಕಬ್ಬಿನ ಖಡಕ್ ಸಾರಾಯಿಯಲ್ಲಿ ನೆನೆಹಾಕುತ್ತಿದ್ದ. ಅಂಟು ಕರಗಿ ಸಾರಾಯಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮತ್ತೆ ನೀರಿನಲ್ಲಿ ಜಾಲಿಸಿ, ಬಾಯಿಂದ ಊದಿ, ಒಲೆಯ ಮೇಲಿನ ಬೆಚ್ಚನೆಯ ಕಟ್ಟೆಯಲ್ಲಿ ಬಟ್ಟೆಯ ಮೇಲಿಟ್ಟು ಪೂರ್ತಿ ಒಣಗಿಸುತ್ತಿದ್ದ. ಸಾರಾಯಿಯ ಪಸೆ ಉಳಿದಿರುವಾಗ ತಂತಿ ಕಾಯಿಸಕೂಡದು. ಆಮೇಲೆ ರಸ ಹನಿಸಿ, ಹತ್ತಿ ಕುಡಿಯುವತನಕ ಕಾಯಬೇಕು. ರೊಟ್ಟಿಯವನಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಅವನ ಬಳಿ ಉಳಿದಿದ್ದವು ಮೂರೇ ಸುರುಳಿ. ಒಂದು ಕೊಳವೆಯಲ್ಲಿತ್ತು, ಆಗಲೇ ಸುಟ್ಟ ರುಚಿ ಕೊಡುತ್ತಿತ್ತು. ಇನ್ನೆರಡನ್ನು ಏಳನೆಯ ದಿನ ಬೆಳಿಗ್ಗೆ ಒಂದು ಲೋಟದಲ್ಲಿ ನೆನೆಹಾಕಿದ. ಸಾರಾಯಿಯೇನೂ ಹೊರಗಿನಿಂದ ತಂದದ್ದಲ್ಲ. ಜಪಕ್ಕೆ ಬಂದವರ ಕಾಫಿಗೆ ಒಂದೊಂದು ಗುಟುಕು ಬೆರೆಸಲೆಂದು ಮನೆಯಲ್ಲೇ ಬಾಟಲಿಗಳಿದ್ದವು. ಪಕ್ಕದಲ್ಲೇ ತಟ್ಟೆಯ ತುಂಬ ಸಿಗರೇಟು. ಸಾವಿನ ಮನೆಯ ಮರ್ಯಾದೆ ಅದು. ಆಣೆ ಇಟ್ಟವನ ಕಣ್ಣೆದುರಿಗೇ ಅವೆರಡನ್ನೂ ಜೋಡಿಸಿಟ್ಟು, ಎಲ್ಲರೂ ಅವನಿಗೆ "ದೇವರು ಧೈರ್ಯ ಕೊಡಲಿ" ಎನ್ನುತ್ತಿದ್ದರು.

ಲೋಟವನ್ನು ಬೆಳಕಿಗೆ ಹಿಡಿದು, ಮುಖದ ಹತ್ತಿರ ತಂದು, ಬಣ್ಣ ಬಿಟ್ಟಿದೆಯೇ ಎಂದು ನೋಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಮ್ಯಾಕ್ಸಿಮಿನಾಳ ತಂಗಿ ನಿನ್ಫಾ ಬಂದು ನಿಂತಳು.

"ಭಾವ! ಸೂರ್ಯ ಹುಟ್ಟೋವರೆಗೂ ತಡ್ಕೊಳ್ಳೋಕಾಗ್ಲಿಲ್ವಾ ನಿಮ್ಗೆ?"

"ಏನು ತಡ್ಕೊಳ್ಳೋದು?"

"ನಮ್ಮಕ್ಕ ಇನ್ನೂ ನೆಲದ ಮೇಲೆ ಮಲಗಿದಾಳೆ. ಅವಳ ಕಣ್ಣೆದುರಿಗೇ ಲೋಟ ಎತ್ತಿದ್ದೀರಲ್ಲ!"

"ಕುಡಿಯೋಕಲ್ಲ ಕಣೆ ಇದು. ಬಂದು ನೋಡು, ಒಳಗೆ..."

"ಏನು ನೋಡೋದು? ಮೂಗು ಕೊಟ್ಟಿಲ್ವಾ ದೇವರು ನಂಗೆ?" ನಿನ್ಫಾ ಎರಡೇ ಹೆಜ್ಜೆಗೆ ಬಂದು ಲೋಟ ಕಿತ್ತುಕೊಂಡಳು, ಬಾಗಿಲಾಚೆ ಬೀಸಿ ಎರಚಿದಳು. ಅಂಗಳದಲ್ಲಿದ್ದ ಟರ್ಕಿ ಕೋಳಿಗಳು ಕಾಳು ಎಸೆದರೆಂದು ಓಡಿಬಂದವು.

"ಅದರಲ್ಲಿ ನನ್ನ ಸುರುಳಿ ಇದ್ವು!" ಎಂದು ಎವೋದಿಯೊ ಕೂಗಿದ.

"ಸುರುಳಿ! ಗಂಟಲು ತೊಳೆಯೋಕೆ ಸಾರಾಯಿ ಬೇಕು ಅಂದೋರ್ನ ಕಂಡಿದ್ದೆ. ಪೀಪಿ ತೊಳೆಯೋಕೆ ಸಾರಾಯಿ ಅನ್ನೋ ಗಂಡಸನ್ನ ಇವತ್ತೇ ಕಂಡಿದ್ದು."

ಎವೋದಿಯೊ ಅಂಗಳಕ್ಕೆ ಹೋಗಿ ಮೊಣಕಾಲೂರಿ ಹುಡುಕಿದ. ಒಂದು ಸಿಕ್ಕಿತು, ಕಲ್ಲಿಗೆ ಬಡಿದು ಬಾಯಿ ಸೊಟ್ಟಗಾಗಿತ್ತು. ಇನ್ನೊಂದು ಸಿಗಲಿಲ್ಲ. ಅವನು ಕೆಸರಿನಲ್ಲಿ ಕೈಯಾಡಿಸುತ್ತಿದ್ದುದನ್ನು ಬೇಲಿಯಾಚೆಯಿಂದ ತೋರ್ತಿಯಾ ರೊಟ್ಟಿ ಮಾರುವವಳು ನೋಡಿದಳು. ಭಾವ ಕುಡಿದ ಎಂದು ನಿನ್ಫಾ ಬೀದಿಯ ಬಾಗಿಲುಬಾಗಿಲಲ್ಲೂ ಹೇಳುತ್ತ ಹೋದ ಕಥೆಗೆ, ಬೆಳಬೆಳಿಗ್ಗೆ ಅಂಗಳದಲ್ಲಿ ಬಿದ್ದು ಹೊರಳುತ್ತಿದ್ದ ಎಂಬ ಬಾಲವೂ ಸೇರಿತು.

ಸಂಜೆ ಜಪಕ್ಕೆ ಬಂದವರ ಕಣ್ಣುಗಳಲ್ಲೇ ಸುದ್ದಿ ಗೊತ್ತಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಎವೋದಿಯೊ ಅತ್ತರೆ ಅಮಲಿನ ಅಳು ಎಂದರು. ಅಳದೆ ಕುಳಿತರೆ ಮತ್ತಿನಲ್ಲಿದ್ದಾನೆ ಎಂದರು. ಪಕ್ಕದಲ್ಲಿ ಕುಳಿತವರು ಬಗ್ಗಿ ಬಗ್ಗಿ ಉಸಿರು ಮೂಸಿದರು. ಹಾಗೆ ಮೂಸಿದವರ ಕೈಯಲ್ಲಿದ್ದ ಕಾಫಿಯಲ್ಲಿ ಅರ್ಧಕ್ಕರ್ಧ ಸಾರಾಯಿಯಿತ್ತು.

ಜಪ ಮುಗಿದ ಮೇಲೆ ನಿನ್ಫಾಳ ಗಂಡ ಗೌದೆನ್ಸಿಯೊ ಬಂದು ಪಕ್ಕಕ್ಕೆ ಕುಳಿತ. ಒಳ್ಳೆಯ ಮನುಷ್ಯನೇ. ಮಧ್ಯಾಹ್ನದಿಂದ ಪುಲ್ಕೆ ಹೆಂಡ ಕುಡಿದಿದ್ದರಿಂದ ಇನ್ನೂ ಒಳ್ಳೆಯವನಾಗಿದ್ದ.

"ಷಡ್ಡಕ, ಬೇಜಾರು ಮಾಡ್ಕೋಬೇಡ. ಹೆಂಡ್ತಿ ಹೋದಾಗ ಒಂದು ಗುಟುಕು ಯಾರು ಹಾಕಲ್ಲ ಹೇಳು?"

"ನಾನು ಹಾಕಲ್ಲ."

"ಆಯ್ತಪ್ಪ. ಆದ್ರೂ... ಬೆಂಕಿ ಇಲ್ದೆ ಹೊಗೆ ಏಳುತ್ತಾ?"

"ನನ್ನ ಕೊಳವೇಲಿ ಬೆಂಕಿ ಇಲ್ದೇನೇ ಏಳುತ್ತಲ್ಲ! ಎರಡು ವರ್ಷದಿಂದ ನೋಡ್ತಾ ಇದ್ದೀಯ, ಇನ್ನೂ ಗೊತ್ತಾಗ್ಲಿಲ್ವಾ?"

ಯಾರೋ ಕಿಸಕ್ಕೆಂದರು. ಜಪ ಹೇಳಿಸುವ ಮುದುಕಿ ಕಾಂದಿದಾ ತನ್ನ ಕುರ್ಚಿಯಿಂದಲೇ ಕೋಲು ಕುಟ್ಟಿದಳು. ಆ ಊರಿನಲ್ಲಿ ಯಾವ ಸಾವಿನ ಮನೆಯಲ್ಲೂ ಅವಳ ಮಾತಿಗೆ ಎದುರಿಲ್ಲ.

"ಲೋ ಎವೋದಿಯೊ, ಇಲ್ಲಿ ಕೇಳು. ಜಗಳ ಯಾಕೆ? ನಾಳೆ ಚರ್ಚಿಗೆ ಹೋಗು. ತಾಯಿ ಮುಂದೆ ಮಂಡಿ ಊರಿ ಇನ್ನೊಂದು ಸಲ ಆಣೆ ಇಟ್ಟು ಬಂದ್ಬಿಡು. ತೊಳ್ದ ಹಾಗಾಗುತ್ತೆ. ನಾಳಿದ್ದು ನೀನೇ ತಲೆ ಎತ್ತು. ಇಲ್ದಿದ್ರೆ ಗೌದೆನ್ಸಿಯೊ ಎತ್ತಲಿ."

"ಕಾಂದಿದಮ್ಮ, ಎರಡನೇ ಆಣೆ ಇಟ್ರೆ ಮೊದಲನೇದು ಮುರ್ದೆ ಅಂತ ಒಪ್ಕೊಂಡ ಹಾಗಲ್ವಾ?"

"ಒಪ್ಕೊಂಡ್ರೆ ಏನು ಗಂಟು ಹೋಗುತ್ತೆ? ದೇವ್ರು ಕ್ಷಮಿಸ್ತಾನೆ."

"ಮಾಡ್ದೆ ಇರೋದಕ್ಕೆ ಕ್ಷಮೆ ಯಾತಕ್ಕೆ? ತಾಯಿ ಮುಂದೆ ನಿಂತು ಸುಳ್ಳು ಹೇಳು ಅಂತೀರಾ ನನಗೆ?"

"ಜಂಬ ನಿಂಗೆ," ಎಂದಳು ಕಾಂದಿದಾ. "ಹೆಂಡ್ತಿ ಮೇಲಿನ ಪ್ರೀತಿಗಿಂತ ಜಂಬ ದೊಡ್ಡದು."

ಆ ಮಾತು ಎವೋದಿಯೊನ ಎದೆಗೆ ಮುಳ್ಳಿನ ಹಾಗೆ ನೆಟ್ಟಿತು. ಮರುದಿನವಿಡೀ ಅದೇ ಕುಟುಕಿತು. ಒಂದು ಸುಳ್ಳು ಹೇಳಿದರೆ ಹೆಂಡತಿಯ ಶಿಲುಬೆ ಹೊರಬಹುದು. ನಿಜ ಹಿಡಿದುಕೊಂಡರೆ ಕುಡಿದ ಬಾಯಿಯ ಷಡ್ಡಕ ಹೊರುತ್ತಾನೆ, ತಾನು ಹಿಂದೆ ಹಿಂದೆ ಕಳ್ಳನ ಹಾಗೆ ನಡೆಯಬೇಕು. ಹೀಗೆ ತಕ್ಕಡಿ ಹಿಡಿದವರು ಯಾರು? ಜೀವನದಲ್ಲಿ ಒಂದು ಆಣೆಯನ್ನೂ ಸಂಜೆಯತನಕ ಉಳಿಸಿಕೊಳ್ಳದವರು!

ಮಧ್ಯಾಹ್ನ ಕೊಳವೆ ಎಳೆದರೆ ಸುಟ್ಟ ಹತ್ತಿಯ ಘಾಟು ಗಂಟಲಿಗೆ ಹೊಡೆಯಿತು. ಆ ಕೊನೆಯ ಸುರುಳಿಯನ್ನೂ ಬಿಚ್ಚಿ ಬಿಸಿನೀರಿಗೆ ಹಾಕಿದ. ಸಾರಾಯಿ ಬಾಟಲಿಗಳನ್ನು ನಿನ್ಫಾ ಬೀಗ ಹಾಕಿಟ್ಟಿದ್ದಳು. ತನ್ನ ಮನೆಯ ಕಪಾಟಿಗೆ ತನಗೇ ಸಿಗದಂತೆ ಬೀಗ! ಬರಿಯ ನೀರಿಗೆ ಆ ಕಪ್ಪು ಬಿಡಲಿಲ್ಲ. ನಡುಮನೆಗೆ ಬಂದ. ಸಿಗರೇಟಿನ ತಟ್ಟೆಗೆ ಮಾತ್ರ ಬೀಗ ಹಾಕಿರಲಿಲ್ಲ.

ಒಂದನ್ನು ಎತ್ತಿಕೊಂಡ. ಮೂಸಿದ. ಹೇಗೂ ಆಣೆ ಮುರಿದವನೆಂದು ಊರು ತೀರ್ಮಾನಿಸಿಯಾಗಿದೆ. ಶಿಕ್ಷೆ ಮೊದಲೇ ಆಗಿರುವಾಗ ತಪ್ಪನ್ನೂ ಮಾಡಿಬಿಟ್ಟರೇನು? ಗೋಡೆಯ ಮೇಲಿನ ಗ್ವಾದಲೂಪೆ ಮಾತೆಯ ಪಟದ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ಕೈ ಚಾಚಿದರೆ ಬೆಂಕಿ.

"ನೋಡ್ತಾ ಇದ್ದೀಯಲ್ಲ ತಾಯಿ," ಎಂದ. ದನಿ ತಗ್ಗಿಸಲಿಲ್ಲ. "ನಾನು ಕುಡೀಲಿಲ್ಲ ಅಂತ ನಿನಗೆ ಗೊತ್ತು. ಗೊತ್ತಿದ್ದೂ ಸುಮ್ನೆ ನಿಂತಿದ್ದೀಯ. ಅವಳ ಎದೆ ಬಿಡಿಸು ಅಂತ ಕೇಳ್ದೆ, ಬಿಡಿಸ್ಲಿಲ್ಲ. ಆದ್ರೂ ನಾನು ನನ್ನ ಮಾತು ಉಳಿಸ್ಕೊಂಡೆ. ಈಗ ನನ್ನ ಮರ್ಯಾದೆನಾದ್ರೂ ನೀನು ಉಳಿಸ್ಬೇಕಿತ್ತು. ಉಳಿಸ್ದೆ ಇದ್ರೂ ಪರವಾಗಿಲ್ಲ. ನಾನು ಹಚ್ಚಲ್ಲ. ಇವರಿಗೋಸ್ಕರ ಅಲ್ಲ, ನಿನಗೋಸ್ಕರನೂ ಅಲ್ಲ. ನೆಲದ ಮೇಲೆ ಮಲಗಿದಾಳಲ್ಲ, ಅವಳಿಗೋಸ್ಕರ."

ಸಿಗರೇಟನ್ನು ತಟ್ಟೆಯಲ್ಲಿಟ್ಟು, ಸುಣ್ಣದ ಶಿಲುಬೆಯ ಪಕ್ಕ ಬರಿನೆಲದ ಮೇಲೆ ಕುಳಿತ. ಸಂಜೆ ಜನ ಬರುವತನಕ ಏಳಲಿಲ್ಲ. ಚರ್ಚಿಗೂ ಹೋಗಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಹೆಂಗಸರ ಗದ್ದಲ. ಮೆಣಸಿನಕಾಯಿ ಹುರಿದು, ಎಳ್ಳು ಅರೆದು ಮೋಲೆ ಸಾರು ಮಾಡಬೇಕು. ಟರ್ಕಿ ಕೋಳಿಗಳನ್ನು ಕೊಯ್ದು ಬಿಸಿನೀರಿಗೆ ಅದ್ದಿ ಪುಕ್ಕ ಕೀಳುತ್ತಿದ್ದರು. ಎವೋದಿಯೊ ಹಿತ್ತಲಿನಲ್ಲಿ ಕಟ್ಟಿಗೆ ಒಡೆಯುತ್ತಿದ್ದ. ನಿನ್ಫಾ ಒಬ್ಬಳೇ ಅವನ ಬಳಿಗೆ ಬಂದಳು. ಮೊಣಕೈಯತನಕ ರಕ್ತ. ಮುಷ್ಟಿ ಬಿಗಿಹಿಡಿದಿದ್ದಳು.

"ಭಾವ, ಇದು ನಿಮ್ಮದಾ?"

ಮುಷ್ಟಿ ಬಿಚ್ಚಿದಳು. ಅಂಗೈ ಮೇಲೆ ಸುರುಳಿಯಿತ್ತು. ಹೊಳೆಯುವುದನ್ನೆಲ್ಲ ನುಂಗುವ ದೊಡ್ಡ ಹುಂಜದ ಕಲ್ಲುಹೊಟ್ಟೆಯಲ್ಲಿ, ಹರಳುಗಳ ಮಧ್ಯೆ ಸಿಕ್ಕಿತ್ತು.

"ನನ್ನದು," ಎಂದ ಎವೋದಿಯೊ. "ಲೋಟದಲ್ಲಿ ಇದ್ದದ್ದು."

ನಿನ್ಫಾ ನೆಲ ನೋಡಿದಳು. "ಹಾಗಾದ್ರೆ ನೀವು ಹೇಳಿದ್ದು ನಿಜಾನೇ."

"ನಾನು ಹೇಳಿದ ದಿನಾನೇ ಅದು ನಿಜವಾಗಿತ್ತು."

"ನನಗೇನು ಗೊತ್ತು ಭಾವ? ವಾಸನೆ ಬಂತು, ಲೋಟ ಕಂಡ್ತು..." ಅವಳು ಹಿಂದೆ ತಿರುಗಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ ದನಿ ತಗ್ಗಿಸಿದಳು. "ಒಂದು ಮಾತು ಕೇಳ್ತೀರಾ? ಈಗಲೂ ಹೊತ್ತಿದೆ. ಒಂದು ಗಳಿಗೆ ಚರ್ಚಿಗೆ ಹೋಗಿ ಆಣೆ ಇಟ್ಟು ಬಂದ್ಬಿಡಿ. ನೀವೇ ಶಿಲುಬೆ ಹೊರಿ, ನಾನು ಯಾರಿಗೂ ಏನೂ ಅನ್ನಲ್ಲ. ನಮ್ಮಿಬ್ಬರಿಗೆ ಗೊತ್ತಿದ್ರೆ ಸಾಲ್ದಾ? ಊರಿಗೆಲ್ಲ ಹೇಳಿಬಿಟ್ಟಿದ್ದೀನಿ. ಈಗ ಹೋಗಿ ಸುಳ್ಳು ಅಂದ್ರೆ ನನ್ನ ಮುಖಕ್ಕೆ ಉಗೀತಾರೆ."

ಎವೋದಿಯೊ ಕೊಡಲಿಯನ್ನು ಕೆಳಗಿಟ್ಟ. ಕೈಯಲ್ಲಿದ್ದರೆ ಒಳ್ಳೆಯದಲ್ಲ ಎನಿಸಿತು. ತಿಳಿಯದೆ ಆಡಿದ ಮಾತನ್ನು ಅವನು ನುಂಗಿಕೊಂಡಿದ್ದನೇನೋ. ತಿಳಿದ ಮೇಲೂ ಆ ಕೆಸರು ಅವನ ಮೇಲೆಯೇ ಇರಲಿ, ತನ್ನ ಸೆರಗಿಗೆ ಹತ್ತದಿರಲಿ ಎನ್ನುತ್ತಾಳಲ್ಲ!

"ನಿನ್ನ ಮುಖಕ್ಕೆ ಉಗೀಬಾರದು ಅಂತ ನಾನು ತಾಯಿ ಮುಖಕ್ಕೆ ಉಗೀಬೇಕಾ?" ಎಂದ. "ಹೋಗು. ಸಾರು ಸೀಯುತ್ತೆ."

ಮಧ್ಯಾಹ್ನದ ಬಿಸಿಲಿಳಿದ ಮೇಲೆ ಮನೆ ತುಂಬಿತು. ಹಳದಿ ಹೂಗಳ ವಾಸನೆ, ಕೊಪಾಲ್ ಧೂಪದ ಹೊಗೆ. ಕಾಂದಿದಾ ಕೊನೆಯ ಜಪ ಮುಗಿಸಿ, ಕಾಲಿನ ಕಡೆಯ ಸುಣ್ಣ ಎತ್ತಿಸಿದಳು. ಎಡದ ತೋಳನ್ನು ಮ್ಯಾಕ್ಸಿಮಿನಾಳ ಅಣ್ಣ ಎತ್ತಿದ. ಬಲದ ತೋಳನ್ನು ನಿನ್ಫಾ ಹಕ್ಕಿಯ ಪುಕ್ಕದಲ್ಲಿ ಗುಡಿಸಿ ತಟ್ಟೆಗೆ ತುಂಬಿದಳು. ಉಳಿದದ್ದು ತಲೆ.

"ತಲೆ ಎತ್ತೋರು ಯಾರು?" ಎಂದಳು ಕಾಂದಿದಾ, ಗೌದೆನ್ಸಿಯೊನ ಕಡೆ ನೋಡುತ್ತ.

ಗೌದೆನ್ಸಿಯೊ ಏಳಲು ಹೊರಟ. ಎವೋದಿಯೊ ಮೊದಲೇ ಎದ್ದು ನಿಂತ.

"ನಾನು ಒಂದು ಸಲ ಆಣೆ ಇಟ್ಟವನು, ಇನ್ನೊಂದು ಇಡೋದಿಲ್ಲ," ಎಂದ. "ನಾನು ಕುಡಿದೆ ಅಂತ ಇಲ್ಲಿ ಎಲ್ಲರೂ ಹೇಳ್ತೀರಿ. ನೋಡಿದವಳು ಒಬ್ಬಳೇ. ಅವಳೇ ಹೇಳಲಿ. ನಿನ್ಫಾ, ಬಾ. ನಿಮ್ಮಕ್ಕನ ತಲೆ ಮೇಲೆ ಕೈ ಇಟ್ಟು, ಭಾವ ಕುಡಿದದ್ದನ್ನ ಕಂಡೆ ಅನ್ನು. ನಿನ್ನ ಗಂಡ ಹೊರಲಿ, ನಾನು ಮಾತಾಡಲ್ಲ."

ಕಾಂದಿದಾ ಕೋಲು ಎತ್ತಿದಳು. ಕುಟ್ಟಲಿಲ್ಲ. ನಿನ್ಫಾ ಮೊಣಕಾಲಲ್ಲೇ ಸುಣ್ಣದ ತನಕ ಸರಿದು ಕೈ ಚಾಚಿದಳು. ಬೆರಳು ಸುಣ್ಣ ಸೋಕುವ ಮೊದಲೇ ಹಿಂದಕ್ಕೆಳೆದುಕೊಂಡಳು.

"ಲೋಟ ಕಂಡೆ," ಎಂದಳು. "ಕುಡಿದದ್ದು ಕಾಣ್ಲಿಲ್ಲ."

"ಅಷ್ಟೇನಾ?" ಎಂದ ಎವೋದಿಯೊ.

"ಲೋಟದಲ್ಲಿ ಪೀಪಿ ಸುರುಳಿ ಇತ್ತು. ತೊಳೀತಾ ಇದ್ರು. ಬೆಳಿಗ್ಗೆ ಹುಂಜದ ಹೊಟ್ಟೇಲಿ ಸಿಕ್ತು." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿಕೊಂಡು ಬಂತು. "ಬೆಳಿಗ್ಗೆಯಿಂದ ಗೊತ್ತಿತ್ತು ನಂಗೆ."

ಹಿಂದುಗಡೆ ಯಾರೋ, "ಹಾಗಾದ್ರೆ ಸಾರಾಯಿ ಕುಡಿದಿದ್ದು ಹುಂಜ!" ಎಂದರು. ನಗು ಎದ್ದಿತು. ಕಾಂದಿದಾಳ ಕೋಲು ಈ ಸಲ ನೆಲ ಕುಟ್ಟಿತು, ನಗು ನಿಂತಿತು. ಮುದುಕಿ ಪುಕ್ಕವನ್ನು ಎವೋದಿಯೊನ ಕೈಗೆ ಕೊಟ್ಟು, "ಎತ್ತಪ್ಪ," ಎಂದಳು. ಜಂಬ ಎಂದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅಂಥವರು ತೆಗೆದುಕೊಳ್ಳುವುದೂ ಇಲ್ಲ.

ಎವೋದಿಯೊ ಒಂದು ಕಣವೂ ನೆಲದಲ್ಲಿ ಉಳಿಯದಂತೆ ಸುಣ್ಣ ಗುಡಿಸಿ ಎತ್ತಿದ. ಆಮೇಲೆ ಮ್ಯಾಕ್ಸಿಮಿನಾಳ ಹೆಸರಿನ ಶಿಲುಬೆಯನ್ನು ಹೆಗಲಿಗೇರಿಸಿ ಬಾಗಿಲು ದಾಟಿದ. ಹಿಂದೆ ಮೇಣದ ಬತ್ತಿ ಹಿಡಿದ ಜನ. ಸಿಟ್ಟು ಇಳಿದಿದ್ದರೆ ಅವನು ನೆಟ್ಟಗೆ ಗೋರಿಯ ಕಡೆ ನಡೆಯುತ್ತಿದ್ದ. ಇಳಿದಿರಲಿಲ್ಲ. ಸುಳ್ಳು ಮನೆಮನೆಗೂ ಹೋಗಿ ಕುಳಿತಿತ್ತು. ನಿಜ ಮಾತ್ರ ಒಂದು ಕೋಣೆಯಲ್ಲಿ, ಮೊಣಕಾಲೂರಿದವರ ನಡುವೆ, ಪಿಸುಮಾತಿನಲ್ಲಿ ಹುಟ್ಟಿ ಸಾಯಬೇಕೇ?

ತೋರ್ತಿಯಾ ಮಾರುವವಳ ಬಾಗಿಲ ಮುಂದೆ ಅವನು ನಿಂತುಬಿಟ್ಟ. ಶಿಲುಬೆ ನಿಂತರೆ ಮೆರವಣಿಗೆಯೂ ನಿಲ್ಲಬೇಕು. ಹಿಂದಿದ್ದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು.

"ಯಾಕೆ, ಕಾಲು ನೋವಾ?" ಎಂದ ಗೌದೆನ್ಸಿಯೊ.

"ನಿನ್ಫಾ," ಎಂದ ಎವೋದಿಯೊ ತಿರುಗದೆ. "ನಾನು ಕುಡಿದೆ ಅಂತ ನೀನು ಇಲ್ಲಿ ಹೇಳಿದ್ದೆ ಅಲ್ವಾ? ಈಗ ನಿಜಾನೂ ಹೇಳು."

"ಭಾವ, ಬೀದೀಲಾ? ಎಲ್ಲರೆದುರಿಗಾ?"

"ಬೀದೀಲೇ ಹೇಳಿದ್ದು ನೀನು."

ಬಾಗಿಲಿಗೆ ಬಂದ ಹೆಂಗಸು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬೆರಗಾಗಿ ನಿಂತಳು. ನಿನ್ಫಾ ಶಾಲನ್ನು ಹಣೆಯತನಕ ಎಳೆದುಕೊಂಡು ಹೇಳಿದಳು: ಭಾವ ಕುಡಿದಿರಲಿಲ್ಲ, ನಾನು ಹೇಳಿದ್ದು ಸುಳ್ಳು. ಶಿಲುಬೆ ಮುಂದೆ ಹೋಯಿತು. ಔಷಧದಂಗಡಿಯ ಮುಂದೆ ನಿಂತಿತು. ನಿನ್ಫಾ ಮತ್ತೆ ಹೇಳಿದಳು. ಜೋಳದ ಗಿರಣಿಯ ಮುಂದೆ ನಿಂತಿತು. ಅಲ್ಲಿ ಗಿರಣಿಯ ಸದ್ದಿಗೆ ಕೇಳಿಸದೆ ಕೂಗಿ ಹೇಳಬೇಕಾಯಿತು.

"ಹೀಗೆ ಎಲ್ಲ ಬಾಗಿಲಲ್ಲೂ ನಿಂತರೆ ಗೋರಿ ಮುಟ್ಟೋದು ಯಾವಾಗ?" ಎಂದು ಹಿಂದೆ ಒಬ್ಬರು ಗೊಣಗಿದರು. "ಮೋಲೆ ಆರಿಹೋಗುತ್ತೆ."

ಯಾವಾಗಲಾದರೂ ಮುಟ್ಟಲಿ. ಬದುಕಿದ್ದಾಗ ಮ್ಯಾಕ್ಸಿಮಿನಾ ಸಂತೆಗೆ ಹೊರಟರೂ ಈ ಬೀದಿಯ ಯಾವ ಬಾಗಿಲನ್ನೂ ಮಾತಾಡಿಸದೆ ದಾಟಿದವಳಲ್ಲ. ಎವೋದಿಯೊ ಶಿಲುಬೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮುಂದಿನ ಮನೆಯ ಮುಂದೆ ನಿಂತ.